ಹೊಲದವರಿಗೆ ಕಾಣುವ ಹಾಗೆ ಕೂರಬೇಕು

ಯಾರ ಹಂಗೂ ಇಲ್ಲದೆ ಬಯಲಿನಲ್ಲಿ ಬದುಕುವುದು ಹೇಗೆ ಎಂಬ ಪಾಠವನ್ನು ನಾನು ಎಲ್ಲೇ ಶುರು ಮಾಡಲಿ, ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ನಿಲ್ಲುತ್ತಾರೆ. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು. ಹನ್ನೊಂದು ವರ್ಷ ಆಗುತ್ತಲೇ ಬಂದರೆ ಅದಕ್ಕೆ ಹಣೆಬರಹ ಅನ್ನದೆ ಬೇರೆ ಹೆಸರಿಲ್ಲ.

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನ ಮಾಸ್ತರುಗಳಿಗೂ ಅಕ್ಕೋರು ಎಂದು ಕರೆಯುವ ಶಿಕ್ಷಕಿಯರಿಗೂ ವರ್ಷಕ್ಕೊಮ್ಮೆ ಮೂರು ದಿನದ ಬಯಲು ಶಿಬಿರ ನಡೆಸುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ತಾಡಪತ್ರಿಯಿಂದ ಡೇರೆ ಕಟ್ಟುವುದು, ಕಲ್ಲು ಜೋಡಿಸಿ ಒಲೆ ಹೂಡುವುದು, ಕೆಸರು ನೀರು ಸೋಸುವುದು, ದಾರಿ ತಪ್ಪಿದರೆ ದಿಕ್ಕು ಹುಡುಕುವುದು, ಇಂಥವು. ಇದನ್ನೆಲ್ಲ ನಾನು ಕಲಿತದ್ದು ಒಂದು ದಪ್ಪ ಪುಸ್ತಕದಿಂದ. ನಮ್ಮಪ್ಪನದು ಹಾನಗಲ್ಲ ಪೇಟೆಯಲ್ಲಿ ಅರಿವೆ ಅಂಗಡಿ. ಗಜಕಡ್ಡಿ ಹಿಡಿದು ಬೆಳೆದವನು ನಾನು, ಹೊಲ ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ. ಶಿಬಿರಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಒಕ್ಕಲುತನದ ಮನೆಯವರು. ನನ್ನ ದಪ್ಪ ಪುಸ್ತಕದಲ್ಲಿ ಇರುವುದನ್ನೆಲ್ಲ ಅವರು ಅಂಗಿ ಹಾಕಿಕೊಳ್ಳುವ ಮೊದಲೇ ಕಲಿತವರು ಎಂಬುದು ನನಗೆ ತಡವಾಗಿ ತಿಳಿಯಿತು.

ಮೂರನೆಯ ದಿನ ಮಧ್ಯಾಹ್ನ ಒಂದು ಪರೀಕ್ಷೆ. ಶಿಬಿರಾರ್ಥಿಗಳು ಹೊರಗಿನವರ ಯಾವ ನೆರವೂ ಪಡೆಯದೆ ಒಂದು ಹೊತ್ತಿನ ಊಟ ಮಾಡಿ ಉಣ್ಣಬೇಕು. ಆಮೇಲೆ ರಿಜಿಸ್ಟರಿನಲ್ಲಿ ‘ಸ್ವಾವಲಂಬನೆ’ ಎಂಬ ಕಾಲಮ್ಮಿನ ಎದುರು ‘ಪೂರ್ಣ’ ಅಥವಾ ‘ಭಾಗಶಃ’ ಎಂದು ಬರೆಯಬೇಕು. ಹತ್ತು ವರ್ಷ ನಾನು ‘ಭಾಗಶಃ’ ಎಂದೇ ಬರೆದಿದ್ದೇನೆ. ಬರುವ ಮೇ ತಿಂಗಳಿಗೆ ನನಗೆ ನಿವೃತ್ತಿ. ಅಷ್ಟರೊಳಗೆ ಒಂದೇ ಒಂದು ಸಲ ‘ಪೂರ್ಣ’ ಎಂದು ಬರೆಯಬೇಕು ಎಂಬುದು ನನ್ನ ದೊಡ್ಡ ಆಸೆಯಾಗಿತ್ತು. ಈ ಆಸೆ ಕೇಳಿ ಮನೆಯಲ್ಲಿ ಒಬ್ಬಳು ಬಿದ್ದು ಬಿದ್ದು ನಕ್ಕಳು.

“ಮನ್ಯಾಗ ಸಕ್ರಿ ಡಬ್ಬಿ ಎಲ್ಲೈತಿ ಗೊತ್ತಿಲ್ಲ, ಗುಡ್ಡದಾಗ ಮಂದಿಗೆ ಅಡಗಿ ಕಲಸ್ತಾರಂತ!” ಅಂದಳು ನನ್ನ ಹೆಂಡತಿ.

ಮೂರು ಕಲ್ಲಿನ ಒಲೆ

ಮೊದಲ ವರ್ಷ ಹಿರೇಬೆಂಡಿಗೇರಿ ಹತ್ತಿರ, ಜೋಳ ಕೊಯ್ದ ಒಂದು ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಶಿಬಿರ. ಪುಸ್ತಕದಲ್ಲಿದ್ದ ಚಿತ್ರ ನೋಡಿಕೊಂಡು, ಗೇಣಿನಿಂದ ಅಳೆದು ಮೂರು ಕಲ್ಲು ಇಟ್ಟು ಒಲೆ ಹೂಡಿಸಿದೆ. ಉರಿ ಬಿಟ್ಟು ಉಳಿದದ್ದೆಲ್ಲ ಬಂತು. ಇಪ್ಪತ್ತು ಮಂದಿಯ ಕಣ್ಣಲ್ಲಿ ಧಾರಾಕಾರ ನೀರು. ದಾರಿಯಲ್ಲಿ ಹೋಗುವವರು ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು ನಿಂತು ನೋಡಿದರು.

ಹೊಲದ ಒಡತಿ ಒಬ್ಬ ಹಿರಿಯ ಹೆಣ್ಣುಮಗಳು. ಸೊಂಟಕ್ಕೆ ಸೆರಗು ಬಿಗಿದುಕೊಂಡು ಬಹಳ ಹೊತ್ತು ನೋಡಿ, ಹತ್ತಿರ ಬಂದಳು.

“ಮಾಸ್ತರ, ಒಂದ್ ಮಾತು ಕೇಳ್ಲೇನ್ರಿ?”

“ಕೇಳ್ರಿ ಯವ್ವ.”

“ಇದು ಒಲಿ ಹೂಡೀರೋ, ಸೊಳ್ಳಿ ಗುಂಗಾಡಿಗೆ ಹೊಗಿ ಹಾಕಾಕತ್ತೀರೋ?”

ಆಕೆ ಒಂದು ಚಿಟಿಕೆ ಮಣ್ಣು ಮೇಲಿಂದ ಉದುರಿಸಿ ಗಾಳಿ ಯಾವ ಕಡೆಯದು ಎಂದು ನೋಡಿದಳು. ಕೂತು ಎರಡು ಕಲ್ಲು ಹೊರಳಿಸಿ, ಒಲೆಯ ಬಾಯಿಯನ್ನು ಗಾಳಿಗೆ ಎದುರು ಮಾಡಿದಳು. ಉರಿ ಭಗ್ಗನೆ ಎದ್ದಿತು.

“ಪುಸ್ತಕದಾಗ ಹಿಂಗಿಲ್ರಿ,” ಅಂದೆ ನಾನು.

“ಪುಸ್ತಕ ಬರದಾಂವ ಉಂಡು ಬರದಾನೋ, ಹಸಗೊಂಡು ಬರದಾನೋ, ಯಾರಿಗೆ ಗೊತ್ತು?” ಎಂದು ಹೇಳಿ ಹೊರಟು ಹೋದಳು.

ಸದ್ಯ ಪೀಡೆ ತೊಲಗಿತು ಎಂದುಕೊಂಡೆ. ಅರ್ಧ ತಾಸಿಗೆ ಆಕೆ ತನ್ನ ಇಬ್ಬರು ಸೊಸೆಯಂದಿರ ಜೊತೆ ಬಂದಳು. ಮೂರು ಬುಟ್ಟಿ. ಒಂದರಲ್ಲಿ ಬಿಸಿ ಜೋಳದ ರೊಟ್ಟಿ, ಒಂದರಲ್ಲಿ ಝುಣಕ ಮತ್ತು ಶೇಂಗಾ ಚಟ್ನಿ, ಒಂದರಲ್ಲಿ ಗಟ್ಟಿ ಮೊಸರು. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ.

“ಯವ್ವ, ಇದು ಪರೀಕ್ಷಾ ಐತಿ. ಹೊರಗಿನವ್ರು ಏನೂ ಕೊಡಂಗಿಲ್ಲ.”

“ಪರೀಕ್ಷಾ ನೀವು ಬರೀರಿ, ಬ್ಯಾಡ ಅಂದಾರ ಯಾರು? ನಮ್ಮ ಹೊಲದಾಗ ಇಪ್ಪತ್ತು ಮಂದಿ ಅರೆಬೆಂದ ಅನ್ನಾ ಉಂಡು ಎದ್ದು ಹೋದ್ರು ಅಂತ ಊರಾಗ ಸುದ್ದಿ ಆದ್ರ, ನಾಳೆ ನಮ್ಮ ಮನಿಗೆ ಯಾರರ ಹೆಣ್ಣು ಕೊಡ್ತಾರೇನ್ರಿ?”

ಬೆಂಬಲಕ್ಕಾಗಿ ಶಿಬಿರಾರ್ಥಿಗಳ ಕಡೆ ತಿರುಗಿ ನೋಡಿದೆ. ಅವರೆಲ್ಲ ಕೈ ತೊಳೆದುಕೊಂಡು ಸಾಲಾಗಿ ಕೂತಾಗಿತ್ತು.

ಸಂಜೆ ಬರವಣಿಗೆಯ ಪರೀಕ್ಷೆ ಇಟ್ಟಿದ್ದೆ. ‘ಬಯಲಿನಲ್ಲಿ ಆಹಾರ ಪಡೆಯುವಾಗ ಅನುಸರಿಸಬೇಕಾದ ಮೊದಲ ಹೆಜ್ಜೆ ಯಾವುದು?’ ಎಂಬುದು ಒಂದು ಪ್ರಶ್ನೆ. ಸುರಕ್ಷಿತ ಜಾಗ ಆರಿಸುವುದು ಎಂಬುದು ಸರಿಯುತ್ತರ. ಶಿಗ್ಗಾಂವಿಯ ಒಬ್ಬ ಮಾಸ್ತರರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ಹೊಲದವರಿಗೆ ಕಾಣುವ ಹಾಗೆ ಕೂರಬೇಕು.’

ಮನೆಯಲ್ಲಿ ಓದಿ ಹೇಳಿದಾಗ ಹೆಂಡತಿ ‘ಪೂರ್ತಿ ಅಂಕ ಕೊಡ್ರಿ’ ಅಂದಳು. ಕೊಡದೆ ನನಗೆ ಗತಿ ಇರಲಿಲ್ಲ. ಆ ರೊಟ್ಟಿ ನಾನೂ ನಾಲ್ಕು ತಿಂದಿದ್ದೆ.

ಹಸಿ ಸೊಪ್ಪಿನ ಹೊಗೆ

ಇನ್ನೊಂದು ವರ್ಷ ಹುಷಾರಾಗಿ ಚಿಕ್ಕೇರೂರಿನ ಆಚೆ, ಗೋವಿನಜೋಳ ಕಿತ್ತು ಖಾಲಿ ಬಿದ್ದಿದ್ದ ಹೊಲ ಹಿಡಿದೆ. ಸುತ್ತ ಮನುಷ್ಯರ ಸುಳಿವಿಲ್ಲ. ಅಂದಿನ ಪಾಠ, ಆಪತ್ತಿನಲ್ಲಿ ನೆರವು ಕರೆಯುವುದು. ಬೆಂಕಿ ಮಾಡಿ ಅದರ ಮೇಲೆ ಹಸಿ ಸೊಪ್ಪು ಹಾಕಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ, ದೂರದವರಿಗೂ ಕಾಣುತ್ತದೆ. ಹೀಗೆ ಮೂರು ಕಡೆ ಸಾಲಾಗಿ ಹೊಗೆ ಎಬ್ಬಿಸಿದರೆ ‘ನಾವು ತೊಂದರೆಯಲ್ಲಿದ್ದೇವೆ’ ಎಂದು ಅರ್ಥ.

ಮೂರೂ ಹೊಗೆ ಚೆನ್ನಾಗಿ ಎದ್ದವು. ನೋಡಿ, ಎಷ್ಟು ಚಂದ, ಎಂದು ನಾನು ಹೇಳುತ್ತಿದ್ದ ಹಾಗೆಯೇ ಊರ ಕಡೆಯಿಂದ ದೊಡ್ಡ ಕೂಗು ಕೇಳಿಸಿತು.

“ಬಣವಿಗೆ ಬೆಂಕಿ ಹತ್ತೇತಿ! ಓಡ್ರೋ!”

ಸುಗ್ಗಿಯಾದ ಮೇಲೆ ಮೇವಿನ ಬಣವೆ ಒಟ್ಟಿದ ಊರಿಗೆ ಬಿಳಿ ಹೊಗೆ ಅಂದರೆ ಒಂದೇ ಅರ್ಥ. ಹೆಂಗಸರು ಕೊಡ ಹೊತ್ತು ಓಡಿ ಬಂದರು. ಗಂಡಸರು ಬೆಳೆಗೆ ಔಷಧ ಹೊಡೆಯುವ ನೀರಿನ ಟ್ಯಾಂಕನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೊಲದ ನಡುವೆಯೇ ನುಗ್ಗಿಸಿದರು. ನಾನು ಎರಡೂ ಕೈ ಎತ್ತಿ ‘ಬೇಡ, ಬೇಡ’ ಎಂದು ಬೀಸಿದೆ. ದೂರದಿಂದ ನೋಡಿದವರಿಗೆ ಅದು ‘ಬೇಗ ಬರ್ರಿ’ ಎಂದು ಕಂಡಿತು. ಟ್ರ್ಯಾಕ್ಟರ್ ಇನ್ನೂ ಜೋರಾಯಿತು.

ಮೊದಲ ಪೈಪು ಒಂದನೆಯ ಹೊಗೆಗೆ, ಎರಡನೆಯದು ಎರಡನೆಯದಕ್ಕೆ. ಮೂರನೆಯ ಹೊಗೆಯ ಮುಂದೆ ನಾನೇ ನಿಂತಿದ್ದೆ.

ಎಲ್ಲ ಆರಿದ ಮೇಲೆ ಒಬ್ಬ ಹಿರಿಯರು ಏದುಸಿರು ಬಿಡುತ್ತ ಕೇಳಿದರು: “ಯಾರ ಬಣವಿರೀ ಇದು?”

“ಬಣವಿ ಅಲ್ರಿ ಅಜ್ಜಾರ. ನಾವು ಆಪತ್ತಿನ್ಯಾಗ ಅದೇವಿ ಅಂತ ತಿಳಸೂದು ಹೆಂಗ ಅಂತ ಕಲಸಾಕತ್ತಿದ್ದೆ.”

“ಆಪತ್ತು ಎಲ್ಲೈತಿ?”

ನನ್ನ ಅಂಗಿ, ಚೊಣ್ಣ, ಕೊರಳಿನ ಸೀಟಿ, ದಪ್ಪ ಪುಸ್ತಕ ಎಲ್ಲದರಿಂದ ನೀರು ಸುರಿಯುತ್ತಿತ್ತು. “ಈಗ ಬಂತ್ರಿ,” ಅಂದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನನ್ನ ಪಾಠಗಳಲ್ಲಿ ಪುಸ್ತಕದಲ್ಲಿ ಬರೆದ ಹಾಗೆಯೇ ನಡೆದದ್ದು ಇದೊಂದೇ. ಸಂಕೇತ ಕೊಟ್ಟೆವು, ನೆರವು ಬಂತು. ಬಂದ ನೆರವು ಹಾಗೆಯೇ ವಾಪಸು ಹೋಗಲೂ ಇಲ್ಲ. ಒಲೆಯ ಕಟ್ಟಿಗೆಯೆಲ್ಲ ತೊಯ್ದು ಹೋಗಿದ್ದರಿಂದ ನಮ್ಮನ್ನು ಊರಿಗೆ ಕರೆದೊಯ್ದು ಉಣ್ಣಿಸಿದರು. ನನಗೆ ಉಟ್ಟುಕೊಳ್ಳಲು ಯಾರದೋ ಹೊಸ ಧೋತರ, ಯಾರದೋ ಇಸ್ತ್ರಿ ಮಾಡಿದ ಅಂಗಿ, ತಲೆಗೆ ಒಂದು ಟವೆಲ್ಲು ಕೊಟ್ಟು ಕಳಿಸಿದರು.

ಆ ವೇಷದಲ್ಲಿ ಮನೆಯ ಹೊಸ್ತಿಲಿಗೆ ಬಂದಾಗ ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: “ಯಾರ ಲಗ್ನದಾಗ ಅರಿವಿ ಆಯೇರಿ ಮಾಡಿದ್ರು?”

ಒಂದು ಲೋಟ ನೀರು

ಇದು ಸಣ್ಣ ಪ್ರಸಂಗ. ಆದರೂ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಶಿಬಿರದಲ್ಲಿ ನನ್ನ ಜೋಡಿ ಸವಣೂರಿನ ಒಬ್ಬ ಡ್ರಿಲ್ ಮಾಸ್ತರ ಇರುತ್ತಾರೆ. ಒಳ್ಳೆಯ ಮನುಷ್ಯ. ಸವಣೂರಿನ ಎಲೆ ಬಾಯಲ್ಲಿ ಇಲ್ಲದಾಗ ಅವರನ್ನು ಕಂಡವರು ಇಲ್ಲ. ಆ ವರ್ಷ ಅವರ ಊರ ಹತ್ತಿರದ ಹಳ್ಳದ ದಂಡೆಯಲ್ಲಿ ಕೆಸರು ನೀರು ಸೋಸುವ ಪಾಠ ಇತ್ತು. ಪ್ಲಾಸ್ಟಿಕ್ ಬಾಟಲಿಯ ತಳ ಕೊಯ್ದು ತಲೆಕೆಳಗೆ ಕಟ್ಟಬೇಕು. ಬಾಯಿಗೆ ಬಟ್ಟೆ, ಅದರ ಮೇಲೆ ಕುಟ್ಟಿದ ಇದ್ದಿಲು, ಅದರ ಮೇಲೆ ಉಸುಕು, ಮೇಲೆ ಹರಳು. ನೀರು ಹನಿ ಹನಿಯಾಗಿ ಇಳಿಯುತ್ತದೆ. ಇಳಿದ ನೀರನ್ನು ಕುದಿಸಿಯೇ ಕುಡಿಯಬೇಕು.

ಮೂರು ತಾಸು ಕಾದೆವು. ಒಂದು ಲೋಟ ತಿಳಿನೀರು ಬಂತು. ಎಲ್ಲರೂ ಅದನ್ನು ತೀರ್ಥದ ಹಾಗೆ ನೋಡಿದರು. ಲೋಟವನ್ನು ಒಂದು ಕಲ್ಲಿನ ಮೇಲೆ ಇಟ್ಟು, ಕುದಿಸಲು ಪಾತ್ರೆ ತರಲು ಹೋದೆ. ಬಂದು ನೋಡಿದರೆ ಲೋಟ ಬರಿದು. ಪಕ್ಕದಲ್ಲಿ ಸವಣೂರು ಮಾಸ್ತರ ಚಕ್ಕಳಮಕ್ಕಳ ಹಾಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ನೀರೆಲ್ಲಿ ಹೋತ್ರಿ?” ಎಂದು ಕೂಗಿದೆ.

ಅವರು ಒಂದು ಬೆರಳು ಎತ್ತಿ ‘ತಡೀರಿ’ ಎಂದು ಸನ್ನೆ ಮಾಡಿ, ಎಲೆಯನ್ನು ಸಾವಕಾಶ ಮಡಿಸಿ ಬಾಯಿಗಿಟ್ಟು, ಎರಡು ಸಲ ಅಗಿದು, ಮೆಚ್ಚುಗೆಯಿಂದ ತಲೆ ಆಡಿಸಿದರು.

“ಮಸ್ತ್ ಸೋಸೇತ್ರಿ ಸರ. ತೊಳದ ಮ್ಯಾಲ ಎಲಿಗೆ ಒಂದು ಕಣಾ ಮಣ್ಣು ಉಳೀಲಿಲ್ಲ!”

ಬಡಗ ಯಾವ ಕಡೆ?

ಹಾನಗಲ್ಲ ತಾಲೂಕಿನಲ್ಲೇ ಒಂದು ಕೆರೆಯ ಮೇಲಿನ ಇಳಿಜಾರಿನಲ್ಲಿ ಡೇರೆ ಹಾಕಿದ್ದೆವು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ತಾಡಪತ್ರಿಗೆ ತೂತು ಮಾಡದೆ, ಮೂಲೆಯಲ್ಲಿ ಒಂದು ದುಂಡು ಹರಳು ಸುತ್ತಿ ಅದರ ಕೊರಳಿಗೆ ಹಗ್ಗ ಬಿಗಿದರೆ ಎಷ್ಟು ಗಾಳಿ ಬಂದರೂ ಹರಿಯುವುದಿಲ್ಲ ಎಂದು ತೋರಿಸಿದ್ದೆ. ಎಲ್ಲರೂ ಮೆಚ್ಚಿದ್ದರು. ಆಮೇಲೆ ಬಾಯಿ ತಪ್ಪಿ ಒಂದು ಮಾತು ಹೇಳಿದೆ: ಇಳಿಜಾರಿನಲ್ಲಿ ಮಲಗುವಾಗ ತಲೆ ಯಾವಾಗಲೂ ಏರಿನ ಕಡೆ ಇರಬೇಕು.

ಹಿರೇಕೆರೂರಿನ ಗಣಿತದ ಅಕ್ಕೋರು ತಕ್ಷಣ ಎದ್ದು ನಿಂತರು. “ಸರ, ಏರಿನ ಕಡೆ ಬಡಗ ಐತ್ರಿ. ಬಡಗಕ್ಕ ತಲಿ ಹಾಕಿ ನಾವು ಮಲಗಂಗಿಲ್ಲ. ಅದು ಹೆಣಾ ಮಲಗಸೂ ದಿಕ್ಕು.”

ಅಂದು ಬೆಳಗಿನಿಂದ ಮೋಡ ಮುಚ್ಚಿತ್ತು. ಸೂರ್ಯ ಕಂಡಿರಲೇ ಇಲ್ಲ. “ಅದು ಬಡಗ ಅಂತ ಹೆಂಗ ಹೇಳ್ತೀರಿ?” ಎಂದು ಕೇಳಿದೆ.

“ಹೆಂಗಂದ್ರ? ಬಡಗ ಅಂದ್ರ ಬಡಗ ರೀ!”

ಅಡುಗೆಮನೆಯಲ್ಲಿ ಕೂತು ‘ಉಪ್ಪಿನ ಗಡಿಗಿ ಒಂದೀಟು ಮೂಡಲಕ್ಕ ಸರಸು’ ಎಂದು ಹೇಳುವ ಮನೆತನದವರು ಅವರು. ನನಗೋ ಪುಸ್ತಕದ ಅಭಿಮಾನ. “ಅಂದಾಜಿನ ಮಾತು ಬ್ಯಾಡ್ರಿ, ವಿಜ್ಞಾನ ನೋಡೋಣು,” ಎಂದು ನನ್ನ ಹೊಸ ದಿಕ್ಸೂಚಿ ತೆಗೆದೆ. ಅಲುಗಾಡದೆ ಇರಲಿ ಎಂದು ಅದನ್ನು ನಮ್ಮ ಟ್ರಂಕಿನ ಮೇಲೆ ಇಟ್ಟೆ. ಮುಳ್ಳು ನಡುಗಿ, ತಿರುಗಿ, ಕೆರೆಯ ಕಡೆ ಮುಖ ಮಾಡಿ ನಿಂತಿತು. ಅಂದರೆ ಕೆರೆಯ ಕಡೆ ಬಡಗ, ಏರಿನ ಕಡೆ ತೆಂಕಣ.

“ನೋಡಿದ್ರ್ಯಾ?” ಎಂದೆ. ಗೆದ್ದ ಸಂತೋಷಕ್ಕೆ ನನ್ನ ಧ್ವನಿ ಸ್ವಲ್ಪ ಹೆಚ್ಚೇ ಏರಿತ್ತು. ಅಕ್ಕೋರು ಮುಳ್ಳು ನೋಡಿದರು, ಗುಡ್ಡ ನೋಡಿದರು, ನನ್ನನ್ನು ನೋಡಿದರು. ಮನಸ್ಸಿಲ್ಲದ ಮನಸ್ಸಿನಿಂದ ಎಲ್ಲರೂ ಏರಿಗೆ ತಲೆ ಹಾಕಿ ಮಲಗಿದರು.

ಬೆಳಿಗ್ಗೆ ಮೋಡ ಚದುರಿತ್ತು. ಎದ್ದು ಕೂತಾಗ ಸೂರ್ಯ ನಮ್ಮ ಬಲಕ್ಕೆ ಹುಟ್ಟಬೇಕಿತ್ತು. ಎಡಕ್ಕೆ ಹುಟ್ಟಿದ. ಹೆಣ್ಣುಮಕ್ಕಳ ಡೇರೆಯಿಂದ “ಶಿವಶಿವಾ!” ಎಂಬ ಕೂಗು ಕೇಳಿಸಿತು.

ಅಕ್ಕೋರು ನೇರ ನನ್ನ ಬಳಿ ಬಂದರು. “ಸರ, ನೀವು ನಿನ್ನೆ ನಮ್ಮೆಲ್ಲಾರ ಫೋನು ಇಸಗೊಂಡು ಎಲ್ಲಿಟ್ರಿ?”

“ಟ್ರಂಕಿನ್ಯಾಗ.”

“ಫೋನಿನ್ಯಾಗ ಅಯಸ್ಕಾಂತ ಇರತೈತೋ ಇಲ್ಲೋ? ಅವನ್ನ ಹೊರಗ ತಗೀರಿ, ಆಮ್ಯಾಲ ನಿಮ್ಮ ಮುಳ್ಳು ನೋಡ್ರಿ.”

ದಿಕ್ಸೂಚಿಯನ್ನು ಟ್ರಂಕಿನಿಂದ ಹತ್ತು ಹೆಜ್ಜೆ ದೂರ ಒಯ್ದು ನೆಲಕ್ಕಿಟ್ಟೆ. ಮುಳ್ಳು ಗಿರ್ರನೆ ತಿರುಗಿ ಗುಡ್ಡದ ಏರಿನ ಕಡೆ ಮುಖ ಮಾಡಿತು. ಅಂದು ಶಿಬಿರದ ಮೊದಲ ಕಾರ್ಯಕ್ರಮ ರದ್ದಾಗಿ, ಎಲ್ಲರೂ ತಲೆಗೆ ನೀರು ಹಾಕಿಕೊಂಡು ಊರ ಗುಡಿಗೆ ಹೋಗಿ ಕಾಯಿ ಒಡೆಸಿದರು. ನನಗೆ ಇಂಥದರಲ್ಲಿ ನಂಬಿಕೆ ಇಲ್ಲ. ಆದರೂ ಸುಮ್ಮನೆ ಯಾಕೆ ಎಂದು ನಾನೂ ಒಂದು ಕಾಯಿ ಒಡೆಸಿದೆ.

ಸವಣೂರು ಮಾಸ್ತರ ಮಾತ್ರ ಗುಡಿಗೆ ಬರದೆ ಆರಾಮಾಗಿ ಎಲೆ ಹಾಕುತ್ತ ಕೂತಿದ್ದರು. “ನಿಮಗ ಹೆದರಿಕಿ ಇಲ್ಲೇನ್ರಿ?” ಎಂದು ಕೇಳಿದೆ.

“ನನಗ್ಯಾಕ್ರಿ ಹೆದರಿಕಿ? ಅತ್ಲಾಗ ಅಕ್ಕೋರ ಶಾಸ್ತ್ರ, ಇತ್ಲಾಗ ನಿಮ್ಮ ವಿಜ್ಞಾನ, ಇಬ್ಬರಿಗೂ ಬ್ಯಾಸರ ಆಗೂದು ಬ್ಯಾಡ ಅಂತ ನಾ ಅಡ್ಡ ಮಲಗಿದ್ದೆ.”

ಕೊನೆಯ ಶಿಬಿರ

ಈ ವರ್ಷದ್ದು ನನ್ನ ಕೊನೆಯ ಶಿಬಿರ. ‘ಪೂರ್ಣ’ ಎಂದು ಬರೆಯಲು ಇದೊಂದೇ ಅವಕಾಶ ಉಳಿದಿತ್ತು. ಪರೀಕ್ಷೆಯ ಹೊತ್ತಿಗೆ ಖುದ್ದು ಬಂದು ನೋಡಿ ರಿಜಿಸ್ಟರಿಗೆ ತಾವೇ ಬರೆಯುವುದಾಗಿ ಮೇಲಿನ ಸಾಹೇಬರು ಬೇರೆ ಹೇಳಿ ಕಳಿಸಿದ್ದರು.

ನಾನು ಯುದ್ಧಕ್ಕೆ ಹೊರಟವನ ಹಾಗೆ ತಯಾರಿ ಮಾಡಿದೆ. ರಟ್ಟೀಹಳ್ಳಿಯ ಆಚೆ ಒಂದು ಕಲ್ಲುಗುಡ್ಡ ಇದೆ. ಸುತ್ತ ಹೊಲ ಇಲ್ಲ, ಮನೆ ಇಲ್ಲ, ಬಣವೆ ಇಲ್ಲ. ಶಿಬಿರಾರ್ಥಿಗಳಿಗೆ ಜಾಗದ ಹೆಸರು ಬಸ್ಸು ಹತ್ತಿದ ಮೇಲೆ ಹೇಳಿದೆ. ಹೆಂಡತಿಗೆ ಹಾವೇರಿಯಲ್ಲಿ ಮೂರು ದಿನ ಮೀಟಿಂಗು ಎಂದು ಸುಳ್ಳು ಹೇಳಿದೆ. ಆಕೆ “ಹೋಗಿ ಬರ್ರಿ” ಅಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಷ್ಟು ಸುಲಭವಾಗಿ ಮುಗಿದದ್ದಕ್ಕೆ ನಾನು ಒಳಗೊಳಗೇ ಹಿಗ್ಗಿದೆ.

ಎರಡು ದಿನ ಗುಡ್ಡಕ್ಕೆ ನರಪಿಳ್ಳೆ ಬರಲಿಲ್ಲ. ಅಭ್ಯಾಸಕ್ಕೆ ಮಾಡಿದ ಅನ್ನ ಒಮ್ಮೆ ಸೀಯಿತು, ಒಮ್ಮೆ ಅರೆಬೆಂದಿತು. ಅದನ್ನೇ ಉಂಡೆವು. ಶಿಬಿರಾರ್ಥಿಗಳು ದಾರಿಯ ಕಡೆ ಆಸೆಯಿಂದ ನೋಡುವುದನ್ನು ಕಂಡೂ ಕಾಣದ ಹಾಗೆ ಇದ್ದೆ.

ಮೂರನೆಯ ದಿನ ಭೂತಗನ್ನಡಿಯಿಂದ ಬೆಂಕಿ ಹೊತ್ತಿಸಬೇಕಿತ್ತು. ಹತ್ತಿಯ ಮೇಲೆ ಬಿಸಿಲಿನ ಚುಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಮೋಡ ಬಂತು. ಅರ್ಧ ತಾಸು ಕಾದು, ಬೆವರು ಒರೆಸಲು ಟವೆಲ್ಲಿಗಾಗಿ ನನ್ನ ಚೀಲಕ್ಕೆ ಕೈ ಹಾಕಿದರೆ ತಳದಲ್ಲಿ ಒಂದು ಕಡ್ಡಿಪೆಟ್ಟಿಗೆ ಸಿಕ್ಕಿತು. ನಮ್ಮ ಚೀಲದಲ್ಲಿ ಇದ್ದದ್ದು ನಮ್ಮದೇ, ಹೊರಗಿನ ನೆರವಲ್ಲ. ಒಲೆ ಹೊತ್ತಿತು. ಹಿರೇಬೆಂಡಿಗೇರಿಯ ತಾಯಿ ಕಲಿಸಿದ ಹಾಗೆ ಒಲೆಯ ಬಾಯಿ ಗಾಳಿಗೆ ಎದುರಾಗಿತ್ತು. ಅನ್ನ ಮಲ್ಲಿಗೆಯಾಗಿ ಅರಳಿತು. ಸಾರು ಕುದಿಯುವಾಗ ಸವಣೂರು ಮಾಸ್ತರ ರುಚಿ ನೋಡಿ ಮುಖ ಹಿಂಡಿದರು. ಇಪ್ಪತ್ತು ಮಂದಿಯ ಸಾಮಾನಿನ ಯಾದಿಯಲ್ಲಿ ಎಲ್ಲವೂ ಇತ್ತು, ಉಪ್ಪೊಂದನ್ನು ಬಿಟ್ಟು. ಮತ್ತೆ ಚೀಲಕ್ಕೆ ಕೈ ಹಾಕಿದೆ. ಕಡ್ಡಿಪೆಟ್ಟಿಗೆ ಇದ್ದ ಜಾಗದ ಕೆಳಗೇ ಒಂದು ಪುಡಿಕೆ ಉಪ್ಪು!

“ಸರ, ಏನ್ ನಿಮ್ಮ ಮುಂದಾಲೋಚನೆ!” ಎಂದು ಎಲ್ಲ ಹೊಗಳಿದರು. ಯಾವಾಗ ಇಟ್ಟೆನೋ ನನಗೇ ನೆನಪಾಗಲಿಲ್ಲ. ಹೊಗಳಿಕೆಯನ್ನು ಬೇಡ ಅನ್ನಲೂ ಇಲ್ಲ.

ಒಂದು ಗಂಟೆಗೆ ಸಾಹೇಬರು ಬರುವವರು. ಹನ್ನೆರಡೂವರೆಗೇ ಅಡುಗೆ ಮುಗಿದು, ಎಲೆ ಹಾಸಿ ಎಲ್ಲರೂ ಕೂತೆವು. ಸುತ್ತ ನೋಡಿದೆ. ಒಂದು ಬುಟ್ಟಿ ಇಲ್ಲ, ಒಬ್ಬ ತಾಯಿ ಇಲ್ಲ. ಹತ್ತು ವರ್ಷದ ಆಸೆ ಇನ್ನೇನು ಕೈಗೂಡಿತು ಎಂದುಕೊಂಡೆ. ಮೊದಲ ತುತ್ತು ಎತ್ತಿದೆ. ಆಗ ಕೆಳಗಿನ ಹಾದಿಯಲ್ಲಿ, ಕೋಲು ಹಿಡಿದು, ಹೆಗಲಿಗೆ ಗಂಟು ಹಾಕಿಕೊಂಡು ಒಬ್ಬ ಅಜ್ಜ ಕುರಿ ಹೊಡೆದುಕೊಂಡು ಹೋಗುವುದು ಕಾಣಿಸಿತು.

ನಮ್ಮ ಸೀಮೆಯಲ್ಲಿ ಉಣ್ಣುವವನ ಕಣ್ಣಿಗೆ ಯಾರು ಬಿದ್ದರೂ ‘ಬರ್ರಿ, ಊಟಾ ಮಾಡೋಣು’ ಎಂದು ಕರೆಯುವುದು ವಾಡಿಕೆ. ನಮ್ಮಪ್ಪ ಅಂಗಡಿಯಲ್ಲಿ ಬುತ್ತಿ ಬಿಚ್ಚಿದರೆ ಎದುರಿನ ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತಿದ್ದ. ಇದು ಯೋಚನೆ ಮಾಡಿ ಆಡುವ ಮಾತಲ್ಲ, ಸೀನು ಬಂದ ಹಾಗೆ ತಾನಾಗಿ ಬರುತ್ತದೆ. ನನ್ನ ಬಾಯಿಂದಲೂ ಬಂತು.

“ಅಜ್ಜಾ, ಬರ್ರಿ, ಊಟಾ ಮಾಡೋಣು!”

ಇಪ್ಪತ್ತು ತುತ್ತುಗಳು ಗಾಳಿಯಲ್ಲಿ ನಿಂತವು. ಎಲ್ಲರೂ ನನ್ನನ್ನೇ ನೋಡಿದರು. ‘ಆತ್ರಿ, ನೀವು ಉಣ್ರಿ’ ಎಂದು ಹೇಳಿ ಮುಂದೆ ಹೋಗುವುದು ಕರೆಸಿಕೊಂಡವರ ವಾಡಿಕೆ. ಅಜ್ಜ ಹಾಗೆ ಹೇಳಲಿಲ್ಲ. ದಾರಿ ಬಿಟ್ಟು ನೇರ ಮೇಲೆ ಹತ್ತಿ ಬಂದು, ಕೋಲು ಬದಿಗಿಟ್ಟು, ನನ್ನ ಪಕ್ಕ ಕೂತು ಗಂಟು ಬಿಚ್ಚಿದ.

“ಬರೇ ಅನ್ನಾ ಹೆಂಗ ಉಣ್ತೀರಿ? ತಗೋರಿ,” ಎಂದು ರೊಟ್ಟಿ ಹಂಚತೊಡಗಿದ. ಪುಂಡಿಪಲ್ಲೆ, ಕೆಂಪು ಚಟ್ನಿ, ಶೇಂಗಾ ಹಿಂಡಿ. ಒಬ್ಬ ಅಜ್ಜನ ಬುತ್ತಿಯಲ್ಲಿ ನಲವತ್ತು ರೊಟ್ಟಿ ಯಾಕಿರುತ್ತವೆ ಎಂದು ಆಗ ನನಗೆ ಹೊಳೆಯಲಿಲ್ಲ.

“ಏನ್ ಮಾಡಾಕತ್ತೀರಿ ಇಲ್ಲಿ?” ಎಂದು ಅಜ್ಜ ಕೇಳಿದ.

“ಬಯಲಿನ್ಯಾಗ ಬದಕೂದು ಕಲ್ಯಾಕತ್ತೇವಿ.”

“ಎಷ್ಟು ದಿನದ್ದು?”

“ಮೂರು ದಿನ.”

“ಭಾಳ ಶ್ಯಾಣ್ಯಾರದೀರಿ. ನಾ ಕುರಿ ಹಿಂದ ಬಯಲಿನ್ಯಾಗ ಬಿದ್ದು ಐವತ್ತು ವರ್ಷ ಆತು, ಇನ್ನೂ ಪೂರಾ ಬಂದಿಲ್ಲ.”

ಅಷ್ಟರಲ್ಲಿ ಕೆಳಗೆ ಜೀಪು ನಿಂತ ಸದ್ದಾಯಿತು. ಸಾಹೇಬರು ಏದುಸಿರು ಬಿಡುತ್ತ ಮೇಲೆ ಬಂದರು. ಎಲ್ಲರ ಎಲೆಯಲ್ಲೂ ರೊಟ್ಟಿ, ನನ್ನ ಎಲೆಯಲ್ಲಿ ಎರಡು. ಅಡಗಿಸಲು ಜಾಗವೇ ಇರಲಿಲ್ಲ.

“ಏನ್ರಿ ಮಾಸ್ತರ, ಹೊರಗಿನ ನೆರವು ತಗೊಂಡೀರಿ?” ಎಂದು ಸಾಹೇಬರು ಕೇಳಿದರು.

ನಾನು ತಲೆ ತಗ್ಗಿಸಿದೆ. ಅಳು ಬರುವುದೊಂದು ಬಾಕಿ. ಅಜ್ಜನೇ ಬಾಯಿ ಹಾಕಿದ.

“ಸಾಹೇಬರ, ನೆರವು ತಗೊಂಡಾಂವ ನಾನು. ಹಾದಿ ಹಿಡದು ಹೊಂಟಿದ್ದೆ, ಇವರ ಕರದು ಎಲಿ ಹಾಕಿ ಕುಂಡ್ರಿಸಿದ್ರು. ಮಂದಿ ಮನಿಗೆ ಉಣ್ಣಾಕ ಹೋಗೂಮುಂದ ಬರಿಗೈಲೆ ಹೋಗಬೇಕೇನ್ರಿ?”

ಸಾಹೇಬರು ಯೋಚಿಸಿದರು. ಯೋಚಿಸುತ್ತಲೇ ಕೂತು ಒಂದು ರೊಟ್ಟಿ ಮುರಿದರು. ಎರಡನೆಯ ರೊಟ್ಟಿ ಮುಗಿಯುವ ಹೊತ್ತಿಗೆ ಅವರಿಗೆ ಅಜ್ಜನ ಮಾತು ಸರಿ ಎಂದು ಕಂಡಿತು. ರಿಜಿಸ್ಟರ್ ತರಿಸಿ, ಕೈ ಒರೆಸಿಕೊಂಡು ಬರೆದರು: ‘ಸ್ವಾವಲಂಬನೆ: ಪೂರ್ಣ. ದಾರಿಹೋಕರಿಗೂ ಊಟ ನೀಡಲಾಗಿದೆ.’

ಎಲ್ಲರೂ ಚಪ್ಪಾಳೆ ತಟ್ಟಿದರು. ಸವಣೂರು ಮಾಸ್ತರ ನನಗೆ ಒಂದು ಎಲೆ ಮಡಿಸಿ ಕೊಟ್ಟರು. ನಾನು ನಿಜಕ್ಕೂ ಅತ್ತೆ.

ಆ ಪುಟದ ಝೆರಾಕ್ಸ್ ಮಾಡಿಸಿಕೊಂಡು, ಸಂಜೆ ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಯ ಮುಂದೆ ಹಿಡಿದೆ. ಹಾವೇರಿಯ ಸುಳ್ಳನ್ನು ಇನ್ನು ಮುಚ್ಚಿಡುವ ಕಾರಣ ಇರಲಿಲ್ಲ.

“ನೋಡು! ಪೂರ್ಣ! ಯಾರ ನೆರವೂ ಇಲ್ಲದ ಮಾಡೇನಿ!”

ಆಕೆ ಓದಿದಳು. “ಚಲೋ ಆತು ಬಿಡ್ರಿ. ಉಪ್ಪು ಸಾಕಾತಿಲ್ಲೋ?”

“ಯಾವ ಉಪ್ಪು?”

“ನಿಮ್ಮ ಚೀಲದ ತಳಕ್ಕ ಕಡ್ಡಿಪೆಟ್ಟಿಗಿ ಕೂಡ ಇಟ್ಟಿದ್ನೆಲ್ಲ, ಅದು.”

“ಹಾವೇರಿ ಮೀಟಿಂಗಿಗೆ ಹೊಂಟಾಂವಗ ಉಪ್ಪು ಯಾಕ ಇಟ್ಟಿ?”

“ಹಾವೇರಿ ಮೀಟಿಂಗಿಗೆ ನೀವು ತಾಡಪತ್ರಿ, ಭೂತಗನ್ನಡಿ ಯಾಕ ಒಯ್ದ್ರಿ? ತಿಂಗಳ ಹಿಂದ ‘ನಿಮ್ಮ ತವರಿನ ಆಚೆ ಕಲ್ಲುಗುಡ್ಡದಾಗ ನೀರು ಸಿಗತಾವನು’ ಅಂತ ಯಾಕ ಕೇಳಿದ್ರಿ?”

ಅವಳ ತವರು ರಟ್ಟೀಹಳ್ಳಿ. ಅದು ನನಗೆ ಮರೆತಿರಲಿಲ್ಲ. ಅದರಿಂದ ಏನಾಗಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ. ಆಕೆ ಕಾಯಿ ಸುಲಿಯುತ್ತಲೇ ಮುಂದುವರಿಸಿದಳು.

“ಎರಡು ದಿನ ಗಟ್ಟಿ ಮನಸ್ಸು ಮಾಡಿ ಸುಮ್ನ ಇದ್ದೆ. ನಿನ್ನೆ ರಾತ್ರಿ ತಡೀಲಿಲ್ಲ, ಅಣ್ಣನ ಮನಿಗೆ ಫೋನ್ ಹಚ್ಚಿದೆ. ನಮ್ಮ ವೈನಿ ನಸುಕಿನ್ಯಾಗ ಎದ್ದು ನಲವತ್ತು ರೊಟ್ಟಿ ಬಡದಾಳ. ಮೆತ್ತಗಿದ್ದುವಿಲ್ಲ? ಅಜ್ಜ ನಮ್ಮ ಅಣ್ಣನ ಹೊಲದಾಗ ಪ್ರತಿವರ್ಷ ಕುರಿ ನಿಲ್ಲಸಾಂವ, ನಂಬಿಗಸ್ಥ.”

“ಸಾಧ್ಯ ಇಲ್ಲ!” ಎಂದು ಕೂಗಿದೆ. ಮುಳುಗುವವನಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿತ್ತು. “ಅಜ್ಜನ್ನ ಕರದಾಂವ ನಾನ! ನನ್ನ ಬಾಯಿಂದ ನಾನ ಕರದೇನಿ. ಅಂವ ತಾನಾಗಿ ಬಂದಿಲ್ಲ!”

“ಹೌದ್ರಿ, ನೀವ ಕರದೀರಿ,” ಎಂದು ಹೆಂಡತಿ ಶಾಂತವಾಗಿ ಒಪ್ಪಿಕೊಂಡಳು. “ಅದಕ್ಕ ಅಜ್ಜಗ ಮೊದಲ ಹೇಳಿ ಕಳಿಸಿದ್ದೆ: ‘ನೀ ಹೋಗಿ ಕೊಟ್ರ ಅವ್ರು ಮುಟ್ಟಂಗಿಲ್ಲ. ಊಟಕ್ಕ ಕುಂತದ್ದು ನೋಡಿ, ಅವರ ಕಣ್ಣಿಗೆ ಕಾಣೂ ಹಂಗ ಹಾದು ಹೋಗು, ಸಾಕು.’ ನಿಮ್ಮ ಪಾಠದಾಗ ಮೊದಲ ಹೆಜ್ಜಿ ಅದ ಅಲ್ರಿ?”